ತಿರುಗಿ ನೋಡಿದ್ರೆ ತಪ್ಪಲ್ವಾ ಮಿಸ್? ಓದುವ ಪರೀಕ್ಷೆಗೆ ತಯಾರಾದ ಒಬ್ಬ ಹುಡುಗಿಯ ಪ್ರಕರಣ

ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಪಕ್ಕ ಕೂತು ನಾನು 12 ವಾರ ಮಾಡಿದ ಕೆಲಸದ ವರದಿ ಇದು. ವಾರಕ್ಕೆ 4 ದಿನ, ದಿನಕ್ಕೆ ಸುಮಾರು 40 ನಿಮಿಷ. ಅವಳನ್ನು ಇಲ್ಲಿ ಪುಟ್ಟಿ ಎಂದು ಕರೆಯುತ್ತೇನೆ. ಎಲ್ಲ ಶಾಲೆಗಳ ಮಕ್ಕಳೂ ಒಂದೇ ಪ್ರಶ್ನೆಪತ್ರಿಕೆ ಬರೆಯುವ ಓದುವ ಪರೀಕ್ಷೆ ಹತ್ತಿರ ಬರುತ್ತಿತ್ತು. ನಾಲ್ಕು ಗದ್ಯಭಾಗ: ಎರಡು ಕತೆ, ಎರಡು ಮಾಹಿತಿ. ಒಟ್ಟು 30 ಪ್ರಶ್ನೆ, 30 ಅಂಕ, 50 ನಿಮಿಷ. ಹೆಚ್ಚಿನವು ನಾಲ್ಕು ಆಯ್ಕೆಯವು. ಒಂದಷ್ಟಕ್ಕೆ ಎರಡು ಸಾಲಿನ ಉತ್ತರ ಬರೆಯಬೇಕು.

ಪುಟ್ಟಿ ಚೆನ್ನಾಗಿ ಓದುತ್ತಾಳೆ. ತರಗತಿಯಲ್ಲಿ ಗಟ್ಟಿಯಾಗಿ ಓದಲು ಯಾರನ್ನಾದರೂ ಎಬ್ಬಿಸಬೇಕೆಂದರೆ ಮೊದಲು ಅವಳ ಹೆಸರೇ ಬಾಯಿಗೆ ಬರುತ್ತದೆ. ಒತ್ತಕ್ಷರಕ್ಕೆ ತಡವರಿಸುವುದಿಲ್ಲ. ಪೂರ್ಣವಿರಾಮ ಬಂದರೆ ನಿಲ್ಲುತ್ತಾಳೆ, ಪ್ರಶ್ನೆ ಬಂದರೆ ದನಿ ಏರಿಸುತ್ತಾಳೆ. ಅಂಥವಳಿಗೆ ಮೊದಲ ಮಾದರಿ ಪರೀಕ್ಷೆಯಲ್ಲಿ ಬಂದದ್ದು 13.

ಅವಳ ಅಮ್ಮ ಬಂದು ಕೂತರು. "ಮೇಡಂ, ಮನೇಲಿ ದಿನಾ ಒಂದು ಪೇಪರ್ ಮಾಡಿಸ್ತಿದ್ದೀನಿ. ಆದ್ರೂ ಹೀಗೆ ಆಗ್ತಿದೆ. ಇನ್ನೂ ಜಾಸ್ತಿ ಮಾಡಿಸ್ಬೇಕಾ?" ಎಂದು ಕೇಳಿದರು. ಜಾಸ್ತಿ ಮಾಡಿಸಿ ಎಂದೇ ನಾನೂ ಹೇಳಿದೆ. ಅದು ನನ್ನ ತಪ್ಪು.

ಕಳೆದುಹೋದ ಮೂರು ವಾರ

ಮೊದಲ ಮೂರು ವಾರ ಮಾದರಿ ಪತ್ರಿಕೆಗಳ ಮೇಲೆ ಮಾದರಿ ಪತ್ರಿಕೆ ಕೊಟ್ಟೆ. ಬರೆಸುವುದು, ತಿದ್ದುವುದು, ಸರಿ ಉತ್ತರ ಹೇಳುವುದು, ಮುಂದಿನ ಪತ್ರಿಕೆ. ಅವಳಿಗೆ ಬಂದದ್ದು 14, ಆಮೇಲೆ 12, ಆಮೇಲೆ 15. ಅದನ್ನು ಏರಿಕೆ ಎನ್ನಲಾಗುವುದಿಲ್ಲ, ಇಳಿಕೆ ಎನ್ನಲೂ ಆಗುವುದಿಲ್ಲ.

ಯಾಕೆ ಹೀಗೆ ಎಂಬುದು ಈಗ ಯೋಚಿಸಿದರೆ ಸರಳ. ವಿಜ್ಞಾನದ ಪಾಠವಾಗಿದ್ದರೆ ಪದೇ ಪದೇ ಪರೀಕ್ಷೆ ಕೊಟ್ಟಾಗ ನಿಜಕ್ಕೂ ಲಾಭವಿದೆ. ಓದಿದ್ದನ್ನು ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡರೆ ಅದು ಹೆಚ್ಚು ದಿನ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಆದರೆ ಅಲ್ಲಿ ನೆನಪಿಡಬೇಕಾದ ವಿಷಯ ಒಂದೇ ಇರುತ್ತದೆ. ಓದುವ ಪರೀಕ್ಷೆಯಲ್ಲಿ ಪ್ರತಿ ಸಲವೂ ಹೊಸ ಗದ್ಯಭಾಗ. ನಿನ್ನೆಯ ಸರಿ ಉತ್ತರ ಇವತ್ತಿನ ಪತ್ರಿಕೆಗೆ ಕೆಲಸಕ್ಕೆ ಬರುವುದಿಲ್ಲ. ಮಗು ತಪ್ಪು ಉತ್ತರಕ್ಕೆ ಯಾವ ದಾರಿಯಲ್ಲಿ ಹೋಯಿತೋ, ಆ ದಾರಿಯನ್ನು ಯಾರೂ ತಿದ್ದದಿದ್ದರೆ ನಾಳೆಯೂ ಅದೇ ದಾರಿಯಲ್ಲಿ ಹೋಗುತ್ತದೆ. ನಾನು ಮೂರು ವಾರ ಆ ತಪ್ಪು ದಾರಿಯಲ್ಲೇ ಅವಳನ್ನು ನಡೆಸಿ ಅಭ್ಯಾಸ ಮಾಡಿಸಿದ್ದೆ.

ಇನ್ನೊಂದನ್ನೂ ಮಾಡಿದ್ದೆ. 'ಮೊದಲು ಪ್ರಶ್ನೆ ಓದು, ಆಮೇಲೆ ಗದ್ಯ ಓದು' ಎಂಬ ಉಪಾಯ. ಕೆಲವು ಮಕ್ಕಳಿಗೆ ಇದು ಸರಿಹೋಗಬಹುದು. ಪುಟ್ಟಿಗೆ ಮಾತ್ರ ಕೆಟ್ಟದ್ದೇ ಆಯಿತು. ಪ್ರಶ್ನೆಯಲ್ಲಿದ್ದ ಪದವನ್ನು ಗದ್ಯದಲ್ಲಿ ಹುಡುಕುವುದೇ ಅವಳ ಓದಾಯಿತು. ಹಿಂದೆ ಏನಿದೆ, ಮುಂದೆ ಏನಿದೆ ಎಂದು ನೋಡುತ್ತಲೇ ಇರಲಿಲ್ಲ.

ಪಕ್ಕದಲ್ಲಿ ಕೂತು ನೋಡಿದ ದಿನ

ನಾಲ್ಕನೇ ವಾರದ ಮೊದಲ ದಿನ ನಾನು ಪತ್ರಿಕೆ ಕೊಟ್ಟು ನನ್ನ ಕೆಲಸಕ್ಕೆ ಹೋಗಲಿಲ್ಲ. ಸುಮ್ನೆ ಪಕ್ಕದಲ್ಲೇ ಕೂತೆ.

ಅವಳು ಗದ್ಯವನ್ನು ಮೇಲಿಂದ ಕೆಳಗೆ ಓದಿದಳು. ಮತ್ತೆ ಓದಿದಳು. ಮೂರನೇ ಸಲವೂ ಓದಿದಳು, ತುಟಿ ಅಲ್ಲಾಡುತ್ತಿತ್ತು. ಆಮೇಲೆ ಎಡಗೈಯನ್ನು ಅಗಲವಾಗಿ ಬಿಡಿಸಿ ಗದ್ಯದ ಮೇಲೆ ಇಟ್ಟು ಮುಚ್ಚಿದಳು. ಪ್ರಶ್ನೆ ಓದಿದಳು. ಕಣ್ಣು ಮೇಲಕ್ಕೆ ಹೋಯಿತು. ಏನೋ ನೆನಪಿಸಿಕೊಂಡು ಒಂದು ಆಯ್ಕೆಗೆ ಗುರುತು ಹಾಕಿದಳು.

"ಪುಟ್ಟಿ, ಕೈ ಯಾಕೆ ಅಲ್ಲಿಟ್ಟಿದ್ದೀಯಾ?"

"ಕಾಣಬಾರದು ಅಂತ, ಮಿಸ್."

"ಕಂಡ್ರೆ ಏನಾಗುತ್ತೆ?"

ಅವಳು ನನ್ನ ಮುಖ ನೋಡಿದಳು. "ತಿರುಗಿ ನೋಡಿದ್ರೆ ತಪ್ಪಲ್ವಾ ಮಿಸ್? ನೋಡಿ ಬರೆದ್ರೆ ಕಾಪಿ ಹೊಡೆದ ಹಾಗೆ ಅಲ್ವಾ?"

ಅವಳು ಹಾಗೆ ಅಂದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಒಂದನೇ ತರಗತಿಯಿಂದ ನಾವು ಹೇಳಿಕೊಟ್ಟದ್ದೇ ಅದು. 'ಪುಸ್ತಕ ಮುಚ್ಚಿ, ಈಗ ಉತ್ತರ ಹೇಳಿ.' ಉಕ್ತಲೇಖನದಲ್ಲಿ ನೋಡಬಾರದು, ಬಾಯಿಪಾಠದಲ್ಲಿ ನೋಡಬಾರದು, ಪಕ್ಕದವರದ್ದನ್ನು ನೋಡಬಾರದು. ಓದುವ ಪರೀಕ್ಷೆ ಮಾತ್ರ ಬೇರೆ, ಇಲ್ಲಿ ನೋಡಲೆಂದೇ ಗದ್ಯ ಕೊಟ್ಟಿದ್ದಾರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅದು ಗೊತ್ತಿರುತ್ತದೆ ಅಂದುಕೊಂಡಿದ್ದೆ. ಪ್ರಾಮಾಣಿಕಳಾದ ಮಗು ಪ್ರಾಮಾಣಿಕತೆಯಿಂದಲೇ ಅಂಕ ಕಳೆದುಕೊಳ್ಳುತ್ತಿತ್ತು. ಈಗಲೂ ಆ ಅಂಗೈ ನೆನಪಾದರೆ ನನಗೆ ಸಂಕಟವಾಗುತ್ತದೆ.

66 ತಪ್ಪುಗಳು

ಆ ದಿನದಿಂದ ಹೊಸ ಪತ್ರಿಕೆ ನಿಲ್ಲಿಸಿದೆ. ಹಳೆಯ ನಾಲ್ಕು ಪತ್ರಿಕೆಗಳನ್ನು ತೆಗೆದೆ. ನಾಲ್ಕರಲ್ಲೂ ಸೇರಿ ಅಂಕ ಹೋದ ಪ್ರಶ್ನೆಗಳು 66. ಮೂರು ದಿನ ಕೂತು, ಒಂದೊಂದಕ್ಕೂ ಅವಳನ್ನೇ ಕೇಳಿದೆ: "ಇದನ್ನ ಹೇಗೆ ಆರಿಸಿದೆ?" ಸರಿ ಯಾವುದು ಎಂದು ಹೇಳಲಿಲ್ಲ. ಬೈಯಲೂ ಇಲ್ಲ. ಅವಳು ಹೇಳಿದ್ದನ್ನು ಪಕ್ಕದಲ್ಲಿ ಬರೆದುಕೊಂಡೆ.

14 ಪ್ರಶ್ನೆ ಖಾಲಿ ಬಿಟ್ಟಿದ್ದಳು. ಎಲ್ಲವೂ ಕೊನೆಯ ಗದ್ಯಭಾಗದವು. ಸಮಯ ಸಾಲದೆ ಬಿಟ್ಟದ್ದು. ಅವಳು ನಿಧಾನವಾಗಿ ಓದುವವಳಲ್ಲ, ಆದರೂ ಯಾಕೆ ಸಾಲಲಿಲ್ಲ? ತಿರುಗಿ ನೋಡಬಾರದು ಅಂತ ಮೂರು ಮೂರು ಸಲ ಓದಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳಲ್ಲ, ಅದಕ್ಕೆ. ಆ ಅಂಗೈಯೇ ಸಮಯವನ್ನೂ ತಿಂದಿತ್ತು.

27 ಪ್ರಶ್ನೆಗಳಿಗೆ ಅವಳು ಕೊಟ್ಟ ಕಾರಣ ಒಂದೇ: "ಈ ಮಾತು ಪಾಠದಲ್ಲಿ ಇತ್ತು ಮಿಸ್." ಒಂದು ಉದಾಹರಣೆ ಪೂರ್ತಿ ಕೊಡುತ್ತೇನೆ. ಗದ್ಯ ಹೀಗಿತ್ತು: 'ಬಾವಲಿ ಹಕ್ಕಿಯಂತೆ ಹಾರುತ್ತದೆ. ಆದರೂ ಅದು ಹಕ್ಕಿಯಲ್ಲ. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕಿ ಹಾಲು ಕುಡಿಸುತ್ತದೆ. ಹಗಲು ತಲೆಕೆಳಗಾಗಿ ನೇತಾಡಿ ರಾತ್ರಿ ಹೊರಗೆ ಬರುತ್ತದೆ.' ಪ್ರಶ್ನೆ: ಬಾವಲಿ ಹಕ್ಕಿಯಲ್ಲ ಎನ್ನಲು ಕಾರಣವೇನು? ಎ) ಅದು ಹಕ್ಕಿಯಂತೆ ಹಾರುತ್ತದೆ. ಬಿ) ಅದು ಮರಿಗೆ ಹಾಲು ಕೊಡುತ್ತದೆ. ಸಿ) ಅದು ರಾತ್ರಿ ಹೊರಗೆ ಬರುತ್ತದೆ. ಡಿ) ಅದಕ್ಕೆ ಕಣ್ಣು ಕಾಣುವುದಿಲ್ಲ.

ಪುಟ್ಟಿ ಆರಿಸಿದ್ದು 'ಎ'. ಯಾಕೆಂದರೆ 'ಹಕ್ಕಿಯಂತೆ ಹಾರುತ್ತದೆ' ಎಂಬ ಪದಗಳು ಗದ್ಯದಲ್ಲಿ ಹಾಗೇ ಇವೆ. ಸರಿ ಉತ್ತರದಲ್ಲಿ 'ಕುಡಿಸುತ್ತದೆ' ಹೋಗಿ 'ಕೊಡುತ್ತದೆ' ಆಗಿದೆ.

ಇಂಥ ಪರೀಕ್ಷೆಗಳ ತಪ್ಪು ಆಯ್ಕೆಗಳು ಮನಸ್ಸಿಗೆ ಬಂದಂತೆ ಬರೆದವಲ್ಲ. ಇದೇ ನಾಲ್ಕನ್ನು ನೋಡಿ. 'ಎ' ಗದ್ಯದ ಪದಗಳನ್ನೇ ಎತ್ತಿ ಇಟ್ಟದ್ದು. 'ಸಿ' ಗದ್ಯದಲ್ಲಿದೆ, ನಿಜವೂ ಹೌದು, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. 'ಡಿ' ಗದ್ಯದಲ್ಲಿ ಇಲ್ಲವೇ ಇಲ್ಲ, ಜನ ಹೇಳುವ ಮಾತು ಅಷ್ಟೇ. ಬಾವಲಿಗೆ ಕಣ್ಣು ಕಾಣುತ್ತದೆ. ಮೂರು ಆಯ್ಕೆ, ಮೂರು ಬೇರೆ ಬೇರೆ ಬಲೆ. ಮಗು ಯಾವ ಬಲೆಗೆ ಬಿದ್ದಿದೆ ಎಂದು ಗೊತ್ತಾದರೆ ಏನು ಕಲಿಸಬೇಕು ಎಂದೂ ಗೊತ್ತಾಗುತ್ತದೆ. ಬರೀ ಅಂಕ ನೋಡಿದರೆ ಮೂರೂ ಸೊನ್ನೆಯೇ.

9 ತಪ್ಪುಗಳು 'ಅಲ್ಲ' ಬಿಟ್ಟುಹೋದದ್ದರಿಂದ ಆದವು. 'ಈ ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ?' ಎಂದು ಪ್ರಶ್ನೆ. ನಮ್ಮ ಭಾಷೆಯಲ್ಲಿ ಇಲ್ಲ, ಅಲ್ಲ, ಬಾರದು ಎಲ್ಲವೂ ವಾಕ್ಯದ ಬಾಲದಲ್ಲಿ ಇರುತ್ತವೆ, ಅದೂ ಹಿಂದಿನ ಪದಕ್ಕೆ ಅಂಟಿಕೊಂಡು. ಅವಸರದ ಕಣ್ಣು 'ಸರಿ' ಎಂಬಲ್ಲಿಗೆ ನಿಂತುಬಿಡುತ್ತದೆ.

ಉಳಿದದ್ದು 16. ಇವು ನಿಜಕ್ಕೂ ಅರ್ಥವಾಗದೆ ತಪ್ಪಿದವು.

ಕೇಳಿಸಿ ನೋಡಿದ್ದು

ಆ 16ರ ಗುಟ್ಟು ತಿಳಿಯಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಗದ್ಯವನ್ನು ನಾನೇ ಗಟ್ಟಿಯಾಗಿ ಓದಿದೆ. ಅವಳು ಕೇಳಿ, ಬಾಯಲ್ಲೇ ಉತ್ತರ ಹೇಳಬೇಕು, ಆಯ್ಕೆಗಳಿಲ್ಲ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಹೇಳಿದ ಒಂದು ಸರಳ ಲೆಕ್ಕ ಇದರ ಹಿಂದಿದೆ. ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದ್ದು. ಕೂಡಿದ್ದಲ್ಲ, ಗುಣಿಸಿದ್ದು. ಎರಡರಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆ. ಕೇಳಿದಾಗ ಎಲ್ಲ ತಿಳಿದು, ಓದುವಾಗ ಮಾತ್ರ ತಪ್ಪಿದರೆ ತೊಂದರೆ ಅಕ್ಷರ ಬಿಡಿಸುವುದರಲ್ಲಿದೆ. ಅಂಥ ಮಗುವಿಗೆ ನಾನು ಮುಂದೆ ಹೇಳುವ ಯಾವುದೂ ಉಪಯೋಗಕ್ಕೆ ಬಾರದು. ಮೊದಲು ಅಕ್ಷರ, ಗುಣಿತ, ಒತ್ತಕ್ಷರದ ಕೆಲಸವೇ ಆಗಬೇಕು.

ಪುಟ್ಟಿ ಕತೆಯನ್ನು ಕೇಳಿದಾಗ ಹೆಚ್ಚುಕಡಿಮೆ ಎಲ್ಲಕ್ಕೂ ಸರಿಯಾಗಿ ಹೇಳಿದಳು. ಮಾಹಿತಿಯ ಗದ್ಯ ಕೇಳಿದಾಗಲೂ ತಡವರಿಸಿದಳು. ಅಂದರೆ ಕತೆ ಅವಳಿಗೆ ತಿಳಿಯುತ್ತದೆ, ಆಯ್ಕೆಗಳ ಬಲೆಯಲ್ಲಿ ಸೋಲುತ್ತಾಳೆ. ಮಾಹಿತಿ ಗದ್ಯ ಮಾತ್ರ ಕೇಳಿದರೂ ತಿಳಿಯುತ್ತಿಲ್ಲ. ಎರಡು ರೋಗ, ಎರಡು ಮದ್ದು.

ಕಾರಣವೂ ಇತ್ತು. ಅವಳ ಮನೆಯಲ್ಲಿ, ನಮ್ಮ ತರಗತಿಯ ಕಪಾಟಿನಲ್ಲಿ ಇದ್ದದ್ದೆಲ್ಲ ಕತೆ ಪುಸ್ತಕ. ಆದರೆ ಇಂಥ ಪರೀಕ್ಷೆಗಳು ಎರಡನ್ನೂ ಕೇಳುತ್ತವೆ. ಹಲವು ದೇಶಗಳ ನಾಲ್ಕನೇ ತರಗತಿ ಮಕ್ಕಳ ಓದನ್ನು 2001ರಿಂದ ಅಳೆಯುತ್ತಿರುವ 'ಪಿರ್ಲ್ಸ್' ಪರೀಕ್ಷೆಯಲ್ಲೂ ಅರ್ಧ ಕತೆ, ಅರ್ಧ ಮಾಹಿತಿ.

ಬೆರಳು ಇಡುವ ಆಟ

ಮೊದಲು ಅಂಗೈ ತೆಗೆಸಬೇಕಿತ್ತು. ಅದಕ್ಕೊಂದು ನಿಯಮ ಮಾಡಿದೆವು: ಉತ್ತರ ಹೇಳುವಾಗ ಅದು ಇರುವ ಸಾಲಿನ ಮೇಲೆ ಬೆರಳು ಇರಲೇಬೇಕು. ಬೆರಳು ಇಲ್ಲದ ಉತ್ತರ ಸರಿಯಿದ್ದರೂ ಒಪ್ಪುವುದಿಲ್ಲ. ಮುಚ್ಚುತ್ತಿದ್ದ ಕೈಗೆ ತೋರಿಸುವ ಕೆಲಸ ಕೊಟ್ಟ ಹಾಗಾಯಿತು.

ಎರಡು ಮೂರು ದಿನದಲ್ಲಿ ಅವಳೇ ಕೇಳಿದಳು, "ಮಿಸ್, ಇದಕ್ಕೆ ಎರಡು ಕಡೆ ಬೆರಳು ಬೇಕು, ಏನ್ಮಾಡ್ಲಿ?" ಅದನ್ನೇ ನಾನು ಕಾಯುತ್ತಿದ್ದೆ. ಅಲ್ಲಿಂದ ಪ್ರಶ್ನೆಗಳಿಗೆ ಹೆಸರಿಟ್ಟೆವು. ಒಂದೇ ಸಾಲಿನಲ್ಲಿ ಉತ್ತರ ಸಿಗುವುದು ಒಂದು ಬೆರಳಿನ ಪ್ರಶ್ನೆ. ಅಲ್ಲೊಂದು ಇಲ್ಲೊಂದು ಸೇರಿಸಬೇಕಾದದ್ದು ಎರಡು ಬೆರಳಿನ ಪ್ರಶ್ನೆ. ಗದ್ಯದ ಮೇಲೆ ಒಂದು ಬೆರಳು ಇಟ್ಟು, ಇನ್ನೊಂದನ್ನು ಹಣೆಗೆ ಇಡಬೇಕಾದದ್ದು ಹಣೆ ಪ್ರಶ್ನೆ. ಟ್ಯಾಫಿ ರಾಫೆಲ್ ಎಂಬ ಸಂಶೋಧಕಿ 1980ರ ದಶಕದಲ್ಲಿ ಪ್ರಶ್ನೆಗೂ ಉತ್ತರ ಇರುವ ಜಾಗಕ್ಕೂ ಇರುವ ಸಂಬಂಧವನ್ನು ಮಕ್ಕಳಿಗೆ ಕಲಿಸಿ ತೋರಿಸಿದ್ದರು. ನಾವು ಆಡಿದ್ದು ಅದೇ ಬಗೆಯ ಆಟ.

ಹಣೆ ಪ್ರಶ್ನೆಗಳು ಅವಳಿಗೆ ಕಷ್ಟ. ಒಂದು ಕತೆಯಲ್ಲಿ ಹೀಗಿತ್ತು: 'ಲೋಟ ಯಾರು ಒಡೆದದ್ದು ಎಂದು ಅಜ್ಜಿ ಕೇಳಿದಳು. ತಮ್ಮ ಉತ್ತರ ಕೊಡಲಿಲ್ಲ. ತನ್ನ ಕಾಲಬೆರಳನ್ನೇ ನೋಡುತ್ತ ನಿಂತ.' ತಮ್ಮನಿಗೆ ಹೇಗನ್ನಿಸುತ್ತಿತ್ತು? ಪುಟ್ಟಿ ಬರೆದದ್ದು: 'ತಮ್ಮ ಕಾಲಬೆರಳು ನೋಡುತ್ತಿದ್ದ.' ಕಂಡದ್ದನ್ನು ಬರೆದಿದ್ದಾಳೆ, ಕಾಣದ್ದನ್ನು ಬರೆದಿಲ್ಲ.

"ನೀನು ಯಾವಾಗ ಹಾಗೆ ಕೆಳಗೆ ನೋಡ್ತಾ ನಿಲ್ತೀಯಾ?" ಎಂದೆ.

ತುಂಬ ಹೊತ್ತು ಸುಮ್ಮನಿದ್ದಳು. "ನಾನೇ ಮಾಡಿರೋದು ಅಂತ ಗೊತ್ತಾಗಿಬಿಟ್ರೆ ಅಂತ ಭಯ ಆದಾಗ."

ಅವಳು ಬಾಯಲ್ಲಿ ಹೇಳಿದ ಆ ಮಾತು ಹಾಳೆಯ ಮೇಲೆ ಇಳಿಯಲು ಒಂದು ಅಚ್ಚು ಕೊಟ್ಟೆ. ಮೊದಲ ಸಾಲಿನಲ್ಲಿ ಗದ್ಯದಲ್ಲಿ ಏನಿದೆ, ಎರಡನೇ ಸಾಲಿನಲ್ಲಿ 'ಇದರಿಂದ ನನಗೆ ತಿಳಿಯುವುದು' ಎಂದು ಶುರುಮಾಡಿ ಮುಗಿಸುವುದು. ಎರಡು ಸಾಲಿನ ಉತ್ತರಗಳಿಗೆ ಇದೊಂದೇ ಸಾಕಾಯಿತು.

ಬಲೆ ಹೆಣೆಯುವವಳು

ಆಯ್ಕೆಗಳ ವಿಷಯಕ್ಕೆ ಎರಡು ಕೆಲಸ ಮಾಡಿದೆವು. ಮೊದಲನೆಯದು, ನಾಲ್ಕು ಆಯ್ಕೆಗಳನ್ನೂ ಒಂದು ಚೀಟಿಯಿಂದ ಮುಚ್ಚಿ, ಉತ್ತರವನ್ನು ತನ್ನ ಮಾತಲ್ಲಿ ಹೇಳಿ, ಆಮೇಲೆ ಚೀಟಿ ತೆಗೆದು ಅದಕ್ಕೆ ಹತ್ತಿರದ್ದನ್ನು ಹುಡುಕುವುದು. ಗದ್ಯ ಮುಚ್ಚುತ್ತಿದ್ದವಳು ಈಗ ಆಯ್ಕೆ ಮುಚ್ಚಲು ಕಲಿತಳು.

ಎರಡನೆಯದು ನನಗೆ ತುಂಬ ಇಷ್ಟವಾದದ್ದು. ಅವಳೇ ಪ್ರಶ್ನೆ ಮಾಡಬೇಕು, ಮೂರು ತಪ್ಪು ಆಯ್ಕೆಯನ್ನೂ ಬರೆಯಬೇಕು. ಒಂದರಲ್ಲಿ ಗದ್ಯದ ಪದಗಳೇ ಇರಬೇಕು, ಒಂದು ನಿಜವಾದರೂ ಉತ್ತರ ಆಗಿರಬಾರದು, ಒಂದು ಗದ್ಯದಲ್ಲೇ ಇರಬಾರದು. ಮೊದಲ ದಿನ ಅರ್ಧ ಗಂಟೆಗೆ ಒಂದೇ ಪ್ರಶ್ನೆ ಆಯಿತು. ಎರಡು ವಾರದ ನಂತರ ಅವಳು ಜೇನುನೊಣದ ಗದ್ಯಕ್ಕೆ ಮಾಡಿದ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದೆ. ಹಲವರು ಅವಳ ಬಲೆಗೆ ಬಿದ್ದರು. ಅವಳು ಒಬ್ಬೊಬ್ಬರ ಹತ್ತಿರ ಹೋಗಿ "ಬೆರಳಿಡು, ಎಲ್ಲಿದೆ ತೋರ್ಸು" ಎನ್ನುತ್ತಿದ್ದಳು. ಬಲೆ ಹೆಣೆಯಲು ಬಂದ ಮೇಲೆ ಅವಳು ತಾನು ಬೀಳುವುದು ಬಹಳ ಕಡಿಮೆಯಾಯಿತು.

'ಉದ್ದ ಇರೋದೇ ಸರಿ ಉತ್ತರ', 'ಗೊತ್ತಿಲ್ಲದಿದ್ರೆ ಸಿ ಹಾಕು' ಎಂಬ ಮಾತುಗಳನ್ನು ಯಾರೋ ಅವಳಿಗೆ ಹೇಳಿಕೊಟ್ಟಿದ್ದರು. ನಾನು ಅವನ್ನು ಬಿಡಿಸಿದೆ. ಓದುವ ಮಗುವಿಗೆ ಓದಬೇಡ ಎಂದು ಹೇಳಿಕೊಟ್ಟಂತೆ ಅದು. ಇಷ್ಟು ಮಾತ್ರ ಒಪ್ಪುತ್ತೇನೆ: ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ ಯಾವುದನ್ನೂ ಖಾಲಿ ಬಿಡಬಾರದು.

'ಅಲ್ಲ' ಬಿಟ್ಟುಹೋಗುವುದಕ್ಕೆ ಮದ್ದು ಸುಲಭ. ಪ್ರಶ್ನೆಯ ಕೊನೆಯ ಪದಕ್ಕೆ ಪೆನ್ಸಿಲ್‌ನಿಂದ ಸುತ್ತು ಹಾಕಿಯೇ ಆಯ್ಕೆಗಳತ್ತ ಹೋಗಬೇಕು. ಒಂದು ವಾರದಲ್ಲಿ ರೂಢಿಯಾಯಿತು.

ಮಾಹಿತಿಯ ಗದ್ಯ

ಇದಕ್ಕೇ ಹೆಚ್ಚು ದಿನ ಬೇಕಾಯಿತು. ಮೊದಲ ತೊಡಕು 'ಅದು'. ಬಾವಲಿಯ ಗದ್ಯದಲ್ಲೇ ನೋಡಿ, ಒಂದರ ಹಿಂದೆ ಒಂದು 'ಅದು'. ದೊಡ್ಡ ಗದ್ಯದಲ್ಲಿ ಒಂದು 'ಅದು' ಬಾವಲಿ, ಮುಂದಿನದು ಅದು ಹೊರಡಿಸಿದ ಸದ್ದು, ಅದರ ಮುಂದಿನದು ಹುಳು. ಕತೆಯಲ್ಲಿ 'ಅವನು' ಎಂದರೆ ಯಾರು ಎಂದು ಮನಸ್ಸೇ ಹಿಡಿದುಕೊಳ್ಳುತ್ತದೆ. ಇಲ್ಲಿ ಕೈ ತಪ್ಪುತ್ತದೆ. ಪ್ರತಿ 'ಅದು', 'ಇದು', 'ಅವು'ಗಳಿಂದ ಅದರ ಯಜಮಾನನವರೆಗೆ ಗೆರೆ ಎಳೆಯುವುದು ದಿನದ ಮೊದಲ ಐದು ನಿಮಿಷದ ಕೆಲಸವಾಯಿತು.

ಎರಡನೆಯದು 'ಆದರೂ', 'ಆದ್ದರಿಂದ', 'ಇಲ್ಲದಿದ್ದರೆ', 'ಹೊರತು' ಎಂಬ ಕೊಂಡಿಗಳು. ಪುಟ್ಟಿ ಅವನ್ನು ಸ್ಪಷ್ಟವಾಗಿ ಓದುತ್ತಿದ್ದಳು, ಆದರೆ ಅವುಗಳ ಮೇಲೆ ಹಾರಿ ಹೋಗುತ್ತಿದ್ದಳು. 'ಬಾವಲಿ ಹಕ್ಕಿಯಂತೆ ಹಾರುತ್ತದೆ, ಆದರೂ' ಎಂದು ಓದಿ ನಿಲ್ಲಿಸುತ್ತಿದ್ದೆ. ಮುಂದೆ ಏನು ಬರಬಹುದು ಹೇಳು. 'ಆದ್ದರಿಂದ' ಬಂದರೆ? ವಾಕ್ಯ ಯಾವ ಕಡೆ ತಿರುಗುತ್ತದೆ ಎಂದು ಊಹಿಸಲು ಶುರುಮಾಡಿದ ಮೇಲೆ ಅವಳ ಓದಿನ ದನಿಯೇ ಬದಲಾಯಿತು. 'ಆದರೂ' ಹತ್ತಿರ ಒಂದು ಕ್ಷಣ ನಿಲ್ಲುತ್ತಿದ್ದಳು.

ಮೂರನೆಯದು ಲೋಕಜ್ಞಾನ, ಅದೇ ಎಲ್ಲಕ್ಕಿಂತ ದೊಡ್ಡದು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಒಂದು ಬೇಸ್‌ಬಾಲ್ ಆಟದ ವಿವರಣೆಯನ್ನು ಮಕ್ಕಳಿಗೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಪರೀಕ್ಷೆಯಲ್ಲಿ ಯಾವ ವಿಷಯ ಬರುತ್ತದೆ ಎಂದು ನಮಗೆ ಗೊತ್ತಿಲ್ಲ. ಹಾಗಂತ ಎಲ್ಲದರ ಬಗ್ಗೆ ಚೂರು ಚೂರು ಓದಿಸಿದರೆ ಏನೂ ನಿಲ್ಲುವುದಿಲ್ಲ. ಆದ್ದರಿಂದ ಒಂದೊಂದು ವಿಷಯಕ್ಕೆ ಒಂದು ವಾರಕ್ಕಿಂತ ಹೆಚ್ಚು ಕೊಟ್ಟೆ. ಬಾವಲಿ, ಜೇನುನೊಣ, ಮಣ್ಣು. ಒಂದೇ ವಿಷಯದ ಮೇಲೆ ನಾಲ್ಕೈದು ಬೇರೆ ಬೇರೆ ಬರಹ. ಮೊದಲನೆಯದರಲ್ಲಿ ತೊಡಕಾದ ಪದ ನಾಲ್ಕನೆಯದರಲ್ಲಿ ಹಳೆಯ ಗೆಳೆಯನ ಹಾಗೆ ಸಿಗುತ್ತಿತ್ತು. ಹೂವು ಸಿಕ್ಕ ದಿಕ್ಕನ್ನು ಜೇನುನೊಣ ಗೂಡಿನಲ್ಲಿ ಕುಣಿದು ಹೇಳುತ್ತದೆ ಎಂದು ಓದಿದ ದಿನ ಪುಟ್ಟಿ ಮನೆಗೆ ಹೋಗುವವರೆಗೂ ಎಂಟರ ಆಕಾರದಲ್ಲಿ ನಡೆಯುತ್ತಿದ್ದಳು.

ಈ ಓದಿನಲ್ಲಿ ಅವಳು ಮಿಸ್ ಆಗುತ್ತಿದ್ದಳು, ನಾನು ಹುಡುಗಿ. ಪ್ಯಾರಾ ಮುಗಿದ ಮೇಲೆ ಅವಳು ಪ್ರಶ್ನೆ ಕೇಳಬೇಕು, ಸಾರ ಹೇಳಬೇಕು, ಗೊಂದಲದ ಪದ ಬಿಡಿಸಬೇಕು, ಮುಂದೇನು ಎಂದು ಊಹಿಸಬೇಕು. 1984ರಲ್ಲಿ ಪಾಲಿನ್ಸಾರ್ ಮತ್ತು ಬ್ರೌನ್ ಪರೀಕ್ಷಿಸಿ ನೋಡಿದ ಕ್ರಮವಿದು. ಮೊದಮೊದಲು ಅವಳ ಸಾರ ಎಂದರೆ ಪ್ಯಾರಾದ ಮೊದಲ ಸಾಲು. ಆಮೇಲೆ ನಿಧಾನವಾಗಿ ಅವಳ ಮಾತುಗಳು ಬಂದವು.

ಅವಳ ಅಮ್ಮನಿಗೆ ಮನೆಯ ಪೇಪರ್ ನಿಲ್ಲಿಸಲು ಹೇಳಿದಾಗ ಅವರಿಗೆ ಗಾಬರಿಯಾಯಿತು. "ಪರೀಕ್ಷೆ ಹತ್ರ ಬಂತಲ್ಲ ಮೇಡಂ." ಬದಲಿಗೆ ರಾತ್ರಿ 20 ನಿಮಿಷ ಇಬ್ಬರೂ ಒಟ್ಟಿಗೆ ಓದಿ, ಒಂದು ಪುಟ ನೀವು, ಒಂದು ಪುಟ ಅವಳು, ಆಮೇಲೆ ಅದರ ಬಗ್ಗೆ ಮಾತಾಡಿ ಎಂದೆ. ಅವರು ನಂಬಿಕೆಯಿಂದ ಮಾಡಿದರು. ಅದಿಲ್ಲದಿದ್ದರೆ ನನ್ನ 40 ನಿಮಿಷ ಸಾಲುತ್ತಿರಲಿಲ್ಲ.

ಗಡಿಯಾರ ಮತ್ತು ಒಂದು ಎಡವಟ್ಟು

ಕೊನೆಯ ನಾಲ್ಕು ವಾರ ಮಾತ್ರ ಸಮಯ ಇಟ್ಟು ಪತ್ರಿಕೆ ಬರೆಸಿದೆ, ವಾರಕ್ಕೆ ಒಂದು. ಉಳಿದ ಮೂರು ದಿನ ಆ ಒಂದೇ ಪತ್ರಿಕೆಯ ಮೇಲೆ ಮಾತು. ಮೊದಲನೆಯದರಲ್ಲಿ 17 ಬಂತು. ಕೊನೆಯ ಗದ್ಯವನ್ನೂ ಮುಟ್ಟಿದ್ದಳು.

ಎರಡನೆಯದರಲ್ಲಿ 11ಕ್ಕೆ ಇಳಿಯಿತು. ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲಿ ಕೂತು ನೋಡಿದರೆ, 12ನೇ ಪ್ರಶ್ನೆಯನ್ನು ಆಮೇಲೆ ಮಾಡೋಣ ಎಂದು ಬಿಟ್ಟಿದ್ದಾಳೆ. ಆದರೆ ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ಓದುವ ಉತ್ತರದ ಹಾಳೆಯಲ್ಲಿ, 12ರ ಸಾಲು ಬಿಟ್ಟಿಲ್ಲ. 13ರ ಉತ್ತರ 12ರ ಮುಂದೆ, 14ರದ್ದು 13ರ ಮುಂದೆ. ಕೊನೆಯವರೆಗೂ ಒಂದು ಸಾಲು ಜಾರಿದೆ. ಸಾಲು ಸರಿಮಾಡಿ ಎಣಿಸಿದರೆ 19. ಓದಿಗೂ ಇದಕ್ಕೂ ಸಂಬಂಧವೇ ಇಲ್ಲ, ಆದರೆ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಬಿಟ್ಟ ಪ್ರಶ್ನೆಯ ಪಕ್ಕ ಚುಕ್ಕಿ ಇಡುವುದು, ಒಂದು ಗದ್ಯದ ಉತ್ತರಗಳನ್ನೆಲ್ಲ ಪತ್ರಿಕೆಯಲ್ಲಿ ಗುರುತು ಹಾಕಿ ಒಟ್ಟಿಗೆ ಹಾಳೆಗೆ ತುಂಬುವುದು, ಗದ್ಯ ಮುಗಿದಾಗಲೆಲ್ಲ ಪ್ರಶ್ನೆಯ ಸಂಖ್ಯೆ ಮತ್ತು ಹಾಳೆಯ ಸಂಖ್ಯೆ ತಾಳೆ ನೋಡುವುದು. ಇದನ್ನು ಮೊದಲೇ ಕಲಿಸಬೇಕಿತ್ತು.

ಮೂರನೆಯ ಪತ್ರಿಕೆಯಲ್ಲಿ 20, ನಾಲ್ಕನೆಯದರಲ್ಲಿ 22.

ಈಗ ಎಲ್ಲಿದ್ದೇವೆ

ನಿಜವಾದ ಪರೀಕ್ಷೆಯಲ್ಲಿ ಅವಳಿಗೆ 21 ಬಂತು. ಯಾವುದೂ ಖಾಲಿ ಇರಲಿಲ್ಲ. ಹೋದ 9 ಅಂಕಗಳಲ್ಲಿ ಹೆಚ್ಚಿನವು ಲೇಖಕರು ಇದನ್ನು ಯಾಕೆ ಹೀಗೆ ಬರೆದಿದ್ದಾರೆ, ಈ ಶೀರ್ಷಿಕೆ ಸರಿಯಾಗಿದೆಯೇ ಎಂಬಂಥ ಪ್ರಶ್ನೆಗಳಿಂದ ಇರಬೇಕು. ಮಾದರಿ ಪತ್ರಿಕೆಗಳಲ್ಲೂ ಕೊನೆಯವರೆಗೆ ತಪ್ಪುತ್ತಿದ್ದದ್ದು ಅವೇ. ಬರಹದ ಹಿಂದೆ ಒಬ್ಬ ಮನುಷ್ಯ ಕೂತು ಹೀಗೆ ಬರೆಯೋಣ, ಹೀಗೆ ಬೇಡ ಎಂದು ತೀರ್ಮಾನ ಮಾಡಿದ್ದಾನೆ ಎಂಬುದು ಅವಳಿಗೆ ಇನ್ನೂ ಕಂಡಿಲ್ಲ. ಅದಕ್ಕೆ ಈಗ ಒಂದೇ ವಿಷಯದ ಎರಡು ಬರಹ ಪಕ್ಕಪಕ್ಕ ಇಟ್ಟು ಓದುತ್ತಿದ್ದೇವೆ. ಒಬ್ಬರು ಬಾವಲಿ ಎಂದರೆ ಹೆದರಿಕೆಯಾಗುವ ಹಾಗೆ ಬರೆದಿದ್ದಾರೆ, ಇನ್ನೊಬ್ಬರು ಪ್ರೀತಿ ಹುಟ್ಟುವ ಹಾಗೆ. ಯಾವ ಪದದಿಂದ ಹಾಗನ್ನಿಸಿತು, ಬೆರಳಿಡು ಎನ್ನುತ್ತೇನೆ. ಈ ವಾರ ಅವಳು ಮೂರು ಪದಗಳ ಮೇಲೆ ಬೆರಳಿಟ್ಟಳು, ಒಂದರ ಬಗ್ಗೆ ನಾವಿಬ್ಬರೂ ಇನ್ನೂ ವಾದ ಮಾಡುತ್ತಿದ್ದೇವೆ.